ಎಫ್ ಕೀಯ ಲೆಕ್ಕ

2021ರ ಜುಲೈ ತಿಂಗಳ ಒಂದು ರಾತ್ರಿ, ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯ ಹಾಲಿನಲ್ಲಿ ಕುಳಿತು ಬ್ಯಾಂಕೊಂದರ ಸುತ್ತೋಲೆಯನ್ನು ಕನ್ನಡಕ್ಕೆ ಅನುವಾದಿಸುತ್ತಿದ್ದಾಗ ನನ್ನ ಕೀಬೋರ್ಡಿನ ಎಫ್ ಕೀ ಕೈಕೊಟ್ಟಿತು. ಪೂರ್ತಿ ಸತ್ತಿದ್ದರೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಅದು ಮೂರು ಸಲ ಒತ್ತಿದರೆ ಎರಡು ಸಲ ಮೂಡುತ್ತಿತ್ತು, ಒಂದು ಸಲ ಸುಮ್ಮನಿರುತ್ತಿತ್ತು. ಹಾಗಾಗಿ ‘ಬ್ಯಾಂಕ್’ ಎಂಬುದು ಕೆಲವೆಡೆ ‘ಬಯಾಂಕ್’ ಆಗಿತ್ತು, ‘ಖಾತೆಯಲ್ಲಿ’ ಎಂಬುದು ‘ಖಾತೆಯಲಲಿ’ ಆಗಿತ್ತು, ಮತ್ತು ಇದನ್ನು ನಾನು ಗಮನಿಸುವ ಹೊತ್ತಿಗೆ ಹದಿನಾಲ್ಕು ಪುಟಗಳಲ್ಲಿ ಒಂಬತ್ತು ಮುಗಿದಿದ್ದವು. ಬೆಳಿಗ್ಗೆ ಎಂಟಕ್ಕೆ ಕಳಿಸಬೇಕಾಗಿದ್ದ ಆ ಕೆಲಸವನ್ನು ಸಾಲು ಸಾಲಾಗಿ ತಿದ್ದಿ ಮುಗಿಸಿದಾಗ ಮೊದಲ ಲೋಕಲುಗಳ ಸದ್ದು ಕೇಳಿಸಲು ಶುರುವಾಗಿತ್ತು.

ಇಂಗ್ಲಿಷ್ ಟೈಪ್ ಮಾಡುವವರಿಗೆ ಎಫ್ ಇಪ್ಪತ್ತಾರರಲ್ಲಿ ಒಂದು ಅಕ್ಷರ, ಅದರಲ್ಲೂ ಅಷ್ಟೇನೂ ಬಳಕೆಯಿಲ್ಲದ ಅಕ್ಷರ. ‘ನುಡಿ’ ಎಂಬ ತಂತ್ರಾಂಶದ ಕೀ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡುವವರಿಗೆ ಅದು ಹಾಗಲ್ಲ. ಒಂದು ವ್ಯಂಜನವನ್ನು ಮುಂದಿನ ವ್ಯಂಜನಕ್ಕೆ ಕೂಡಿಸಿ ಒತ್ತಕ್ಷರ ಮಾಡುವ ಕೀ ಅದು. ‘ಕನ್ನಡ’ ಎಂದು ಮೂಡಿಸಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಗಳನ್ನು ಒತ್ತಬೇಕು. ಭಾಷೆಯ ಹೆಸರಿನ ನಡುಮಧ್ಯದಲ್ಲೇ ಎಫ್ ಕುಳಿತಿದೆ. ಬ್ಯಾಂಕಿನ ಕಾಗದಗಳಲ್ಲಿ ಪದೇ ಪದೇ ಬರುವ ‘ರಾಷ್ಟ್ರೀಕೃತ’ ಎಂಬ ಪದವನ್ನು ತೆಗೆದುಕೊಂಡರೆ, ಹನ್ನೊಂದು ಒತ್ತುಗಳಲ್ಲಿ ಎರಡು ಎಫ್ ಕೀಗೆ ಸೇರುತ್ತವೆ, ಮೂರು ಸಲ ಶಿಫ್ಟ್ ಹಿಡಿಯಬೇಕಾಗುತ್ತದೆ. ದೀರ್ಘಸ್ವರ, ಮಹಾಪ್ರಾಣ, ಣಕಾರ, ಳಕಾರ, ಶಕಾರ ಎಲ್ಲವೂ ಶಿಫ್ಟಿನ ಜೊತೆಗೇ ಇರುವುದರಿಂದ ಕನ್ನಡದವರ ಕಿರುಬೆರಳಿಗೆ ಇಂಗ್ಲಿಷಿನವರಿಗಿಲ್ಲದ ದುಡಿಮೆ ಇದೆ. ಒಂದು ಕೀಗೆ ಒಂದು ಅಕ್ಷರ ಎಂಬ ಈ ಸರಳ ವಿನ್ಯಾಸವನ್ನು ರೂಪಿಸಿದವರು ಕಿನ್ನಿಕಂಬಳದ ಕೆ.ಪಿ. ರಾವ್ ಅವರು. ಅವರು ಇದೇ ಮುಂಬಯಿಯಲ್ಲಿ, ಟಾಟಾ ಪ್ರೆಸ್ಸಿನಂಥ ಕಡೆ ಅಕ್ಷರ ಜೋಡಣೆಯ ಕೆಲಸದಲ್ಲಿ ವರ್ಷಗಟ್ಟಲೆ ದುಡಿದವರು, ಮತ್ತು ತಮ್ಮ ಈ ವಿನ್ಯಾಸವನ್ನು ಯಾರಿಂದಲೂ ಹಣ ಕೇಳದೆ ಬಿಟ್ಟುಕೊಟ್ಟವರು. ಇಂದು ಕನ್ನಡದಲ್ಲಿ ನಾನು ಉಣ್ಣುವ ಅನ್ನದಲ್ಲಿ ಅವರ ಪಾಲು ಇದೆ ಎಂದು ನಾನು ನಂಬಿದ್ದೇನೆ.

ಕೈಕೊಟ್ಟ ಕೀಬೋರ್ಡನ್ನು ಮರುದಿನ ಬಿಚ್ಚಿ ನೋಡಿದೆ. ಆರುನೂರು ರೂಪಾಯಿಯ ಕೀಬೋರ್ಡು. ಅದಕ್ಕಿಂತ ಹಿಂದಿನದೂ ಅಂಥದ್ದೇ, ಅದಕ್ಕೂ ಹಿಂದಿನದು ಕೂಡ. ಒಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆಗಳಿದ್ದವು. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಬೆಳ್ಳಿಬಣ್ಣದ ಗೆರೆಗಳು, ನಡುವಿನ ಹಾಳೆಯಲ್ಲಿ ಕೀ ಇರುವಲ್ಲೆಲ್ಲ ಒಂದೊಂದು ತೂತು. ಪ್ರತಿ ಕೀಯ ಅಡಿಯಲ್ಲಿ ರಬ್ಬರಿನ ಪುಟ್ಟ ಗುಮ್ಮಟವಿದ್ದು, ಕೀ ಒತ್ತಿದಾಗ ಅದು ಕುಸಿದು ಎರಡು ಹಾಳೆಗಳನ್ನು ತೂತಿನ ಮೂಲಕ ಒಂದಕ್ಕೊಂದು ತಾಗಿಸುತ್ತದೆ. ಎಫ್ ಕೀಯ ಹತ್ತಿರ ಹೋಗುವ ಗೆರೆಯ ಮೇಲೆ ಕಡಲೆಯಷ್ಟು ಗಾತ್ರದ ಕಪ್ಪು ಕಲೆಯಿತ್ತು. ಮಳೆಗಾಲದಲ್ಲಿ ನಮ್ಮ ಕಡೆಯ ಮನೆಗಳ ಗೋಡೆಗೇ ಬೂಸ್ಟು ಹಿಡಿಯುತ್ತದೆ. ಆ ತೇವ ಹಾಳೆಗಳ ನಡುವೆ ಸೇರಿ ಗೆರೆಯನ್ನು ತಿಂದಿತ್ತು. ಅದನ್ನು ಸರಿಮಾಡುವ ದಾರಿ ಇರಲಿಲ್ಲ. ನೂರಾನಾಲ್ಕು ಕೀಗಳಲ್ಲಿ ನೂರಾಮೂರು ಸರಿಯಿದ್ದರೂ ಇಡೀ ಕೀಬೋರ್ಡನ್ನು ಬಿಸಾಡಬೇಕಿತ್ತು. ನನಗೆ ಬೇಸರ ತಂದದ್ದು ಆರುನೂರು ರೂಪಾಯಿಯಲ್ಲ, ಈ ಬಿಸಾಡುವಿಕೆ.

ಮೆಕ್ಯಾನಿಕಲ್ ಕೀಬೋರ್ಡುಗಳ ಬಗ್ಗೆ ಆಗ ಮೊದಲ ಬಾರಿಗೆ ಓದಿಕೊಂಡೆ. ಅಲ್ಲಿ ಪ್ರತಿ ಕೀಯ ಅಡಿಯಲ್ಲೂ ಒಂದು ಸ್ವತಂತ್ರ ಸ್ವಿಚ್ಚು ಇರುತ್ತದೆ. ಸ್ವಿಚ್ಚಿನ ಹೊರಗವಚ ಮೇಲೊಂದು ಕೆಳಗೊಂದು ಎರಡು ಹೋಳು, ಒಳಗೆ ಮೇಲೆ ಕೆಳಗೆ ಚಲಿಸುವ ಒಂದು ಕಾಂಡ, ಅದನ್ನು ಎತ್ತಿ ಹಿಡಿಯುವ ಸ್ಪ್ರಿಂಗು, ಮತ್ತು ತಾಮ್ರಬಣ್ಣದ ಒಂದು ಜೊತೆ ಲೋಹದ ಎಲೆಗಳು. ಕಾಂಡದ ಕಾಲು ಎಲೆಯನ್ನು ದೂರಕ್ಕೆ ತಳ್ಳಿ ಹಿಡಿದಿರುತ್ತದೆ. ಕಾಂಡ ಕೆಳಗಿಳಿದಾಗ ಕಾಲು ಸರಿದು ಎಲೆಗಳು ತಾವಾಗಿ ತಾಗುತ್ತವೆ. ಜರ್ಮನಿಯ ಚೆರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚಿನಲ್ಲಿ ಕಾಂಡ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಸುಮಾರು 2 ಮಿಲಿಮೀಟರಿನಲ್ಲೇ ಅಕ್ಷರ ಮೂಡಿಬಿಡುತ್ತದೆ. ರಬ್ಬರ್ ಗುಮ್ಮಟದ ಹಾಗೆ ಬುಡದವರೆಗೆ ಗುದ್ದಬೇಕಾಗಿಲ್ಲ. ಆ ವಿನ್ಯಾಸದ ಪೇಟೆಂಟಿನ ಅವಧಿ 2014ರ ಸುಮಾರಿಗೆ ಮುಗಿದ ಮೇಲೆ ಗೇಟರಾನ್, ಕೈಲ್ ಮೊದಲಾದ ಚೀನಾದ ತಯಾರಕರು ಅದೇ ಅಳತೆಯ ಸ್ವಿಚ್ಚುಗಳನ್ನು ಬಗೆಬಗೆಯಲ್ಲಿ ಮಾಡತೊಡಗಿದರು, ಬೆಲೆಯೂ ಇಳಿಯಿತು. ಇವತ್ತು ನನ್ನಂಥವರು ಬಿಡಿಬಿಡಿಯಾಗಿ ಸ್ವಿಚ್ಚು ಕೊಳ್ಳಲು ಸಾಧ್ಯವಾಗಿರುವುದರ ಹಿಂದೆ ಈ ಸಂಗತಿ ಇದೆ.

ಮೊದಲು ಕೊಂಡದ್ದು ಕಟ್ಟಿದ ಕೀಬೋರ್ಡಲ್ಲ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ, 2,900 ರೂಪಾಯಿಯ, ನೀಲಿ ಸ್ವಿಚ್ಚಿನ ಕೀಬೋರ್ಡು. ನೀಲಿ ಎಂದರೆ ಪ್ರತಿ ಒತ್ತಿಗೂ ಟಿಕ್ ಎನ್ನುವ ಬಗೆ. ನಮ್ಮದು ಒಂದು ಬೆಡ್‌ರೂಮಿನ ಮನೆ. ಅಪ್ಪ ಹಾಲಿನ ದಿವಾನದ ಮೇಲೆ ಮಲಗುತ್ತಾರೆ, ನನ್ನ ಮೇಜು ಅದಕ್ಕೆ ನಾಲ್ಕು ಅಡಿ ದೂರದಲ್ಲಿದೆ. ಮೊದಲ ರಾತ್ರಿ ಹನ್ನೊಂದು ಗಂಟೆಗೆ ನಾನು ಕೆಲಸ ಶುರುಮಾಡಿದಾಗ ಅಪ್ಪ ಎದ್ದು ಕುಳಿತರು. ನಾನು ಕೈ ನಿಲ್ಲಿಸಿದೆ. “ನಿಲ್ಲಿಸಬೇಡ ಮಗಾ, ನಮ್ಮ ಇನ್‌ಸ್ಟಿಟ್ಯೂಟಿನ ಹಾಗೆ ಕೇಳುತ್ತದೆ” ಎಂದರು.

ಅಪ್ಪ ಹದಿನಾಲ್ಕನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಆಮೇಲೆ ಟೈಪಿಂಗ್ ಕಲಿತು ಬಲ್ಲಾರ್ಡ್ ಎಸ್ಟೇಟಿನ ಒಂದು ಆಫೀಸಿನಲ್ಲಿ ಕ್ಲರ್ಕ್ ಆದವರು. ಅವರ ತಲೆಮಾರಿನ ಎಷ್ಟೋ ಜನ ತಟ್ಟೆ ಎತ್ತುವ ಕೆಲಸದಿಂದ ಕುರ್ಚಿಯ ಕೆಲಸಕ್ಕೆ ದಾಟಿದ್ದು ಟೈಪಿಂಗ್ ಸರ್ಟಿಫಿಕೇಟಿನ ಬಲದಿಂದಲೇ. ಅವರು ಬಳಸಿದ್ದು ಗೋದ್ರೆಜ್ ಯಂತ್ರ. 1955ರಲ್ಲಿ ಈ ದೇಶದಲ್ಲೇ ತಯಾರಾದ ಮೊದಲ ಟೈಪ್‌ರೈಟರನ್ನು ಹೊರತಂದ ಗೋದ್ರೆಜ್ ಮುಂಬಯಿಯದೇ ಕಂಪನಿ ಎಂಬುದು ಅವರಿಗೆ ಇವತ್ತಿಗೂ ಅಭಿಮಾನದ ವಿಷಯ. ಅವರ ಆಫೀಸಿಗೆ ತಿಂಗಳಿಗೊಮ್ಮೆ ಒಬ್ಬ ಮೆಕ್ಯಾನಿಕ್ ಬರುತ್ತಿದ್ದನಂತೆ. ಅಚ್ಚಿನ ಅಕ್ಷರಗಳ ಸಂದಿನಲ್ಲಿ ಸೇರಿದ ರಿಬ್ಬನ್ನಿನ ಮಸಿಯನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು, ಬೇಕಾದ ಕಡೆ ಮಾತ್ರ ಒಂದೊಂದು ತೊಟ್ಟು ಎಣ್ಣೆ ಬಿಟ್ಟು, ಸಡಿಲಾದದ್ದನ್ನು ಬಿಗಿಮಾಡಿ ಹೋಗುತ್ತಿದ್ದನಂತೆ. ಒಂದೇ ಯಂತ್ರದ ಮೇಲೆ ತಾನು ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ ಎಂದು ಅಪ್ಪ ಹೇಳುತ್ತಾರೆ. ನಾನು ಆ ಹೊತ್ತಿಗೆ ಆರು ವರ್ಷಗಳಲ್ಲಿ ಐದು ಕೀಬೋರ್ಡುಗಳನ್ನು ಬಿಸಾಡಿದ್ದೆ.

ಅಪ್ಪನಿಗೆ ಸದ್ದು ಹಿತವಾಗಿದ್ದರೂ ಮನೆಯ ಉಳಿದವರಿಗೆ ನಿದ್ದೆ ಬರಲಿಲ್ಲ, ಒಂದು ವಾರದಲ್ಲಿ ಅದನ್ನು ಅಕ್ಕನ ಮಗನಿಗೆ ಕೊಟ್ಟೆ. ಸದ್ದು ಎಂಬುದು ಮುಂಬಯಿಯ ಮನೆಗಳಲ್ಲಿ ಬರೀ ರುಚಿಯ ಪ್ರಶ್ನೆಯಲ್ಲ. ನನಗೆ ಬೇಕಾದ ಸದ್ದು, ನನಗೆ ಬೇಕಾದ ಬಿಗಿ, ನನಗೆ ಬೇಕಾದ ಶಿಫ್ಟ್ ಇರುವ ಕೀಬೋರ್ಡನ್ನು ನಾನೇ ಕಟ್ಟಿಕೊಳ್ಳಬೇಕು ಎಂಬ ಯೋಚನೆ ಅಲ್ಲಿಂದ ಶುರುವಾಯಿತು.

ಮೊದಲ ಪ್ರಯತ್ನ ಕೆಟ್ಟಿತು. ಸ್ವಿಚ್ಚುಗಳನ್ನು ಬೆಸೆದು ಕೂಡಿಸುವ ಒಂದು ಚಿಕ್ಕ ಸರ್ಕ್ಯೂಟ್ ಬೋರ್ಡನ್ನು 3,200 ರೂಪಾಯಿಗೆ ತರಿಸಿದೆ. ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿಳಿದು, ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಸೋಲ್ಡರಿಂಗ್ ಐರನ್, ಸೀಸದ ತಂತಿ, ಬೆಸುಗೆ ಹೀರುವ ಪಂಪು, ಒರೆಸಲು ಐಸೊಪ್ರೊಪಿಲ್ ಆಲ್ಕೊಹಾಲ್ ಎಲ್ಲ ಸೇರಿ 1,150 ರೂಪಾಯಿಯ ಸಾಮಾನು ಕೊಂಡೆ. ಕೌಂಟರಿನ ಹಿಂದಿದ್ದ ಹಿರಿಯರು ನನ್ನ ಕೈಯಲ್ಲಿದ್ದ ಬೋರ್ಡನ್ನು ತಿರುಗಿಸಿ ನೋಡಿ, ಒಂದು ಕಾಲಿಗೆ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಬಿಸಿ ಹಿಡಿಯಬಾರದು ಎಂದು ಎರಡು ಸಲ ಹೇಳಿದರು. ನಾನು ಕೇಳಿಸಿಕೊಂಡೆ, ಆದರೆ ಕೈಗೆ ಅಭ್ಯಾಸವಿರಲಿಲ್ಲ. ಹನ್ನೆರಡನೆಯ ಸ್ವಿಚ್ಚು ಓರೆಯಾಗಿ ಕೂತಿತೆಂದು ಬೆಸುಗೆ ಕರಗಿಸಿ ತೆಗೆಯಲು ಹೋದಾಗ, ಬೋರ್ಡಿನ ಮೇಲಿದ್ದ ತಾಮ್ರದ ಬಿಲ್ಲೆ ಬೆಸುಗೆಯ ಜೊತೆಗೇ ಕಿತ್ತು ಬಂತು. ಅದನ್ನು ತಂತಿ ಹಾಯಿಸಿ ಉಳಿಸಿಕೊಳ್ಳಬಹುದೆಂದು ನನಗೆ ಆಮೇಲೆ ತಿಳಿಯಿತು. ಅಂದು ತಿಳಿಯದೆ ಇನ್ನೂ ಮೂರು ಬಿಲ್ಲೆಗಳನ್ನು ಸುಟ್ಟೆ.

ಎರಡನೆಯ ಸಲ ಹಾಟ್‌ಸ್ವಾಪ್ ಬೋರ್ಡನ್ನು ಆರಿಸಿಕೊಂಡೆ. ಅದರಲ್ಲಿ ಬೆಸುಗೆ ಬೇಕಿಲ್ಲ. ಬೋರ್ಡಿನ ಬೆನ್ನಿಗಿರುವ ಸಾಕೆಟ್ಟುಗಳಿಗೆ ಸ್ವಿಚ್ಚಿನ ಎರಡು ಕಾಲುಗಳನ್ನು ನೇರವಾಗಿ ಹಿಡಿದು ಒತ್ತಿದರೆ ಸಾಕು, ಬೇಡವಾದಾಗ ಕಿತ್ತು ಬೇರೆಯದನ್ನು ಹಾಕಬಹುದು. ಬೆಸೆದ ಕೀಬೋರ್ಡೇ ಹೆಚ್ಚು ಬಾಳುತ್ತದೆ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಸಾಕೆಟ್ಟು ಪದೇ ಪದೇ ಹಾಕಿ ತೆಗೆದರೆ ಸಡಿಲಾಗುತ್ತದೆ. ಆದರೆ ವರ್ಷಕ್ಕೊಮ್ಮೆ ಒಂದೆರಡು ಸ್ವಿಚ್ಚು ಬದಲಿಸುವ ನನ್ನಂಥವಳಿಗೆ ಅದೇ ಸರಿ. ಕೀಗಳು 87, ಬಲಬದಿಯ ಅಂಕೆಗಳ ಸಾಲು ಇಲ್ಲ. ಸ್ವಿಚ್ಚು ಸದ್ದಿಲ್ಲದ ಟ್ಯಾಕ್ಟೈಲ್ ಬಗೆಯದು, ಅಂದರೆ ಅಕ್ಷರ ಮೂಡುವ ಹೊತ್ತಿಗೆ ಬೆರಳಿಗೆ ಒಂದು ಸಣ್ಣ ತಡೆ ತಿಳಿಯುತ್ತದೆ, ಕಿವಿಗೆ ಟಿಕ್ ಎನ್ನುವ ಸದ್ದು ಕೇಳುವುದಿಲ್ಲ. ಮೂರು ಬಿಡಿ ಸೇರಿಸಿ ತೊಂಬತ್ತು ತರಿಸಿದೆ.

ಸ್ವಿಚ್ಚುಗಳಿಗೆ ಗ್ರೀಸು ಹಚ್ಚುವ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬೆಲೆ ಮತ್ತು ಮೌಲ್ಯದ ಪ್ರಶ್ನೆ ನನಗೆ ಸ್ಪಷ್ಟವಾದದ್ದು ಆ ಮೇಜಿನ ಮುಂದೆ. ಕಾರ್ಖಾನೆಯಿಂದ ಬಂದ ಸ್ವಿಚ್ಚನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಒತ್ತಿದರೆ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕು ಉಜ್ಜುವ ಸಣ್ಣ ಗರಗರ ಕೇಳುತ್ತದೆ, ಸ್ಪ್ರಿಂಗಿನ ಝೇಂಕಾರವೂ ಕೇಳುತ್ತದೆ. ಪುಟ್ಟ ಓಪನರಿನ ಮೇಲಿಟ್ಟು ಒತ್ತಿದರೆ ಮೇಲಿನ ಹೋಳು ಬಿಚ್ಚಿಕೊಳ್ಳುತ್ತದೆ. ಕ್ರೈಟಾಕ್ಸ್ 205 ಜಿ0 ಎಂಬ, ಬಿಳಿ ಬೆಣ್ಣೆಯಂಥ ಗ್ರೀಸನ್ನು ಚಿತ್ರಕಾರರ ಅತಿ ಸಣ್ಣ ಬ್ರಷ್ಷಿನ ತುದಿಗೆ ತಾಗಿಸಿ, ಹೆಚ್ಚಾದದ್ದನ್ನು ಬಟ್ಟಲಿನ ಅಂಚಿಗೆ ಒರೆಸಿ, ಕೆಳಹೋಳಿನ ಎರಡು ಹಳಿಗಳ ಮೇಲೆ ಒಂದೊಂದು ಗೀರು ಎಳೆಯಬೇಕು. ಆಮೇಲೆ ಕಾಂಡದ ಎರಡು ಬದಿ, ಆಮೇಲೆ ಸ್ಪ್ರಿಂಗಿನ ಎರಡು ತುದಿ. ಟ್ಯಾಕ್ಟೈಲ್ ಸ್ವಿಚ್ಚಾದರೆ ಎಲೆಯನ್ನು ತಳ್ಳುವ ಕಾಂಡದ ಕಾಲುಗಳಿಗೆ ಮಾತ್ರ ಹಚ್ಚಬಾರದು, ಹಚ್ಚಿದರೆ ಬೆರಳಿಗೆ ತಿಳಿಯಬೇಕಾದ ತಡೆಯೇ ಮಾಯವಾಗುತ್ತದೆ. ಗೀರು ಕಣ್ಣಿಗೆ ಬಿಳಿಯಾಗಿ ಕಂಡರೆ ಹೆಚ್ಚಾಯಿತು ಎಂದರ್ಥ. ಬೆಳಕಿಗೆ ಓರೆಯಾಗಿ ಹಿಡಿದಾಗ ಒದ್ದೆಯಾದಂತೆ ಮಿನುಗಿದರೆ ಸರಿ. ನನಗೆ ಒಂದಕ್ಕೆ ಐದು ನಿಮಿಷ ಬೇಕಾಯಿತು, ತೊಂಬತ್ತಕ್ಕೆ ಏಳೂವರೆ ಗಂಟೆ. ಆರು ಸಂಜೆಗಳಲ್ಲಿ ಹಂಚಿಕೊಂಡು ಮಾಡಿದೆ. ನಾಲ್ಕನೆಯ ಸಂಜೆ ಅಪ್ಪ ಕನ್ನಡಕ ಹಾಕಿಕೊಂಡು ಎದುರು ಬಂದು ಕುಳಿತರು, ಒಂದು ಸ್ವಿಚ್ಚನ್ನು ನೋಡಿ, ಇನ್ನೊಂದನ್ನು ನೋಡಿ, ಏನೂ ಹೇಳದೆ ಸ್ಪ್ರಿಂಗುಗಳನ್ನು ಎತ್ತಿ ಎತ್ತಿ ನನಗೆ ಕೊಡತೊಡಗಿದರು. ಅವರ ಬೆರಳುಗಳು ಈಗ ನಡುಗುತ್ತವೆ. ಆದರೂ ಒಂದು ಸ್ಪ್ರಿಂಗೂ ಕೆಳಗೆ ಬೀಳಲಿಲ್ಲ.

ಸ್ಪೇಸ್‌ಬಾರ್, ಶಿಫ್ಟ್, ಎಂಟರ್‌ನಂಥ ಉದ್ದನೆಯ ಕೀಗಳ ಅಡಿಯಲ್ಲಿ ಸ್ಟೆಬಿಲೈಸರ್ ಎಂಬ ತಂತಿಯ ಚೌಕಟ್ಟಿರುತ್ತದೆ. ಯಾವ ತುದಿಗೆ ಒತ್ತಿದರೂ ಕೀ ಸಮನಾಗಿ ಇಳಿಯುವಂತೆ ನೋಡಿಕೊಳ್ಳುವುದು ಅದರ ಕೆಲಸ. ಕೀಬೋರ್ಡಿನಲ್ಲಿ ಕಟಕಟ ಎನ್ನುವ ಅಸಹ್ಯ ಸದ್ದು ಬಹುಪಾಲು ಬರುವುದು ಅಲ್ಲಿಂದಲೇ. ಇದನ್ನು ಕಲಿಸುವವರೆಲ್ಲ ಸ್ಪೇಸ್‌ಬಾರನ್ನು ಸರಿಮಾಡುವುದಕ್ಕೆ ಹೆಚ್ಚು ಹೊತ್ತು ಕೊಡಿ ಎನ್ನುತ್ತಾರೆ. ನಾನು ಎಡಗಡೆಯ ಶಿಫ್ಟಿಗೆ ಕೊಟ್ಟೆ. ತಂತಿ ಮೇಜಿನ ಗಾಜಿನ ಮೇಲೆ ಎಲ್ಲೂ ಅಲುಗದೆ ಕೂರುವವರೆಗೆ ಅದನ್ನು ಬೆರಳಿನಿಂದ ಒತ್ತಿ ಒತ್ತಿ ನೇರ ಮಾಡಿ, ತುದಿಗಳಿಗೆ ದಪ್ಪ ಗ್ರೀಸು ತುಂಬಿ, ಮೂರು ಸಲ ಬಿಚ್ಚಿ ಮೂರು ಸಲ ಕೂಡಿಸಿದೆ. ದಿನಕ್ಕೆ ಸಾವಿರಾರು ಸಲ ದೀರ್ಘ ಎಳೆಯುವವಳಿಗೆ ಅದು ಸಣ್ಣ ಸಂಗತಿಯಲ್ಲ.

ಈಗ ಲೆಕ್ಕ. ಅಲ್ಯೂಮಿನಿಯಂ ಕೇಸು, ಪ್ಲೇಟು, ಬೋರ್ಡು ಸೇರಿದ ಕಿಟ್ಟಿಗೆ 9,500 ರೂಪಾಯಿ. ಒಂದಕ್ಕೆ 32 ರೂಪಾಯಿಯಂತೆ ತೊಂಬತ್ತು ಸ್ವಿಚ್ಚಿಗೆ 2,880. ಸ್ಟೆಬಿಲೈಸರಿಗೆ 1,400, ಗ್ರೀಸಿಗೆ 650, ಕೀಗಳ ಮೇಲಿನ ಟೊಪ್ಪಿಗಳಾದ ಕೀಕ್ಯಾಪುಗಳಿಗೆ 2,600, ಓಪನರು ಬ್ರಷ್ಷು ಚಿಮ್ಮಟ ಇತ್ಯಾದಿಗೆ 900, ಹೊರದೇಶದಿಂದ ಬಂದದ್ದಕ್ಕೆ ಕೊರಿಯರು ಮತ್ತು ತೆರಿಗೆ 3,120. ಮೇಜಿನ ಮೇಲಿರುವ ಕೀಬೋರ್ಡಿನ ಬೆಲೆ ಹೀಗೆ 21,050 ರೂಪಾಯಿ. ಇದರ ಜೊತೆಗೆ ಸುಟ್ಟ ಬೋರ್ಡು, ಬೆಸುಗೆಯ ಸಾಮಾನು, ಕೊಟ್ಟುಬಿಟ್ಟ ನೀಲಿ ಕೀಬೋರ್ಡು ಇವೆ. ಇನ್ನೂ ಒಂದಿದೆ, ಅದನ್ನೂ ಹೇಳುತ್ತೇನೆ.

ಈ ಹವ್ಯಾಸದಲ್ಲಿ ಗ್ರೂಪ್ ಬೈ ಎಂಬ ಪದ್ಧತಿ ಇದೆ. ಕೀಕ್ಯಾಪ್ ಸೆಟ್ಟುಗಳ ಅಚ್ಚು, ಬಣ್ಣ, ತಯಾರಿಯ ಖರ್ಚು ದೊಡ್ಡದು, ಕಾರ್ಖಾನೆ ಇಂತಿಷ್ಟು ಸೆಟ್ಟಿಗಿಂತ ಕಡಿಮೆ ಮಾಡುವುದಿಲ್ಲ. ಹಾಗಾಗಿ ಬೇಕಾದವರೆಲ್ಲ ಮುಂಗಡ ಹಣ ಕಟ್ಟಿದ ಮೇಲೆ ತಯಾರಿ ಶುರುವಾಗುತ್ತದೆ, ವಸ್ತು ಕೈಗೆ ಬರುವುದು ವರ್ಷವೋ ಅದಕ್ಕಿಂತ ಹೆಚ್ಚೋ ಕಳೆದ ಮೇಲೆ. ನಾನು 2022ರಲ್ಲಿ ಒಂದು ಸೆಟ್ಟಿಗೆ 6,800 ರೂಪಾಯಿ ಕಟ್ಟಿದೆ. ಹದಿನಾಲ್ಕು ತಿಂಗಳವರೆಗೆ ಇವತ್ತು ನಾಳೆ ಎಂಬ ಉತ್ತರ ಬರುತ್ತಿತ್ತು, ಆಮೇಲೆ ಉತ್ತರವೇ ನಿಂತಿತು, ಹಣವೂ ಬರಲಿಲ್ಲ. ಬಣ್ಣಕ್ಕಾಗಿ ನಾನು ಅಷ್ಟು ಹಣ ಕಟ್ಟಿದ್ದು ತಪ್ಪು ಎಂದು ಈಗ ಅನ್ನಿಸುತ್ತದೆ. ಇನ್ನೂ ಮಾಡದಿರುವ ವಸ್ತುವಿಗೆ, ಕಣ್ಣಿಗೆ ಕಾಣದ ಮಾರಾಟಗಾರನಿಗೆ, ತಿಂಗಳ ದುಡಿಮೆಯ ಒಂದು ಭಾಗವನ್ನು ಕೊಟ್ಟುಬಿಡಲು ಹೊಸಬರಿಗೆ ನಾನು ಹೇಳಲಾರೆ.

ಅಲ್ಲಿಗೆ ಒಟ್ಟು 35,100 ರೂಪಾಯಿ. ಅದರಲ್ಲಿ 14,050 ನನ್ನ ಮೇಜಿಗೆ ಏನನ್ನೂ ತಂದಿಲ್ಲ. ಉಳಿತಾಯದ ದೃಷ್ಟಿಯಿಂದ ಈ ಕೆಲಸವನ್ನು ಸಮರ್ಥಿಸಲಾಗದು. ಹದಿನಾಲ್ಕು ತಿಂಗಳಿಗೊಂದರಂತೆ ಆರುನೂರು ರೂಪಾಯಿಯ ಕೀಬೋರ್ಡುಗಳನ್ನು ಕೊಳ್ಳುತ್ತಾ ಹೋದರೂ ಹತ್ತು ವರ್ಷಕ್ಕೆ ಒಂಬತ್ತು ಬೇಕಾಗುತ್ತವೆ, 5,400 ರೂಪಾಯಿ ಸಾಕಾಗುತ್ತದೆ. ‘ಒಳ್ಳೆಯದು ಕೊಂಡರೆ ಕೊನೆಗೆ ಅಗ್ಗವೇ ಆಗುತ್ತದೆ’ ಎಂದು ಈ ವಿಷಯದಲ್ಲಿ ಹೇಳುವವರು ಕೂಡಿಸಿ ಕಳೆದು ನೋಡಿಲ್ಲ ಎಂದೇ ನನ್ನ ಅಭಿಪ್ರಾಯ.

ಹಾಗಿದ್ದರೆ 21,050 ರೂಪಾಯಿಯಲ್ಲಿ ನನ್ನ ಕೈಗೆ ದುಡಿಯುತ್ತಿರುವುದು ಎಷ್ಟು? ಇದಕ್ಕೆ ಉತ್ತರ ಸಿಕ್ಕಿದ್ದು ಕಳೆದ ವರ್ಷ, ಪತ್ರಿಕೆಗಳಿಗೆ ಪುಟ ಕಟ್ಟುವ ಗೆಳತಿಯೊಬ್ಬಳಿಗಾಗಿ ಇನ್ನೊಂದು ಕೀಬೋರ್ಡನ್ನು ಕಟ್ಟಿದಾಗ. ಪ್ಲಾಸ್ಟಿಕ್ ಕೇಸಿನ, ಸ್ಟೆಬಿಲೈಸರ್ ಸಮೇತ ಬಂದ ಕಿಟ್ಟಿಗೆ 4,200, ಒಂದಕ್ಕೆ 22 ರೂಪಾಯಿಯ 87 ಸ್ವಿಚ್ಚಿಗೆ 1,914, ಕೀಕ್ಯಾಪಿಗೆ 1,300. ಗ್ರೀಸು ನನ್ನ ಬಾಟಲಿಯಲ್ಲಿ ಉಳಿದದ್ದೇ. ಒಟ್ಟು 7,414 ರೂಪಾಯಿ. ಮುಗಿದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೇ ಪುಟವನ್ನು ಎರಡರಲ್ಲೂ ಟೈಪ್ ಮಾಡಿ ನೋಡಿದೆ. ಬೆರಳಿಗೆ ತಿಳಿದ ವ್ಯತ್ಯಾಸ ತೀರಾ ಕಡಿಮೆ. ನನ್ನದು ಭಾರವಾಗಿ ಮೇಜಿಗೆ ಅಂಟಿಕೊಂಡಂತೆ ಕೂರುತ್ತದೆ, ಅದರ ಸದ್ದು ಗಟ್ಟಿ ಮರದ ಮೇಲೆ ಮೆತ್ತಗೆ ತಟ್ಟಿದಂತಿದೆ, ಕೈಯಿಟ್ಟಾಗ ಲೋಹದ ತಂಪು ಹಿತವೆನಿಸುತ್ತದೆ. ಅದು ನನಗೆ ಸಂತೋಷ ಕೊಡುತ್ತದೆ, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಹಣ ಎಣಿಸಿ ಖರ್ಚು ಮಾಡಬೇಕಾದವರು ಕೇಸಿಗೆ ಕೊಡುವುದನ್ನು ಉಳಿಸಿ, ಗ್ರೀಸಿಗೂ ಆರು ಸಂಜೆಗಳಿಗೂ ಕೊಡಬೇಕು.

ಇಷ್ಟೆಲ್ಲ ಖರ್ಚಿನಲ್ಲಿ ನನಗೆ ಅತ್ಯಂತ ಬೆಲೆಬಾಳುವುದಾಗಿ ಕಂಡದ್ದಕ್ಕೆ ಹಣವನ್ನೇ ಕೊಡಲಿಲ್ಲ. ನನ್ನ ಈ ಕೀಬೋರ್ಡಿನೊಳಗೆ ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶ ಓಡುತ್ತದೆ. ಜಪಾನಿನ ಜುನ್ ವಾಕೊ ಅವರು ಬರೆದ ಟಿಎಂಕೆಯನ್ನು ಆಧರಿಸಿ ಜ್ಯಾಕ್ ಹಂಬರ್ಟ್ ಅವರು ಶುರುಮಾಡಿದ್ದು, ಆಮೇಲೆ ಲೆಕ್ಕವಿಲ್ಲದಷ್ಟು ಜನ ಬೆಳೆಸಿದ್ದು. ಯಾವ ಕೀ ಏನು ಮಾಡಬೇಕೆಂಬುದನ್ನು ಅದರಲ್ಲಿ ನಾವೇ ಬರೆಯಬಹುದು. ನಾನು ಮೊದಲು ಬದಲಿಸಿದ್ದು ಶಿಫ್ಟನ್ನು. ಈಗ ಅದನ್ನು ಹಿಡಿದುಕೊಂಡಿರಬೇಕಾಗಿಲ್ಲ. ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ‘ರಾಷ್ಟ್ರೀಕೃತ’ ಎಂಬಲ್ಲಿ ಮೂರು ಸಲ ಕಿರುಬೆರಳನ್ನು ಅದುಮಿ ಹಿಡಿಯುವ ಶ್ರಮ ಮೂರು ತಟ್ಟುಗಳಾಯಿತು. ಎರಡು ವರ್ಷಗಳಿಂದ ಸಂಜೆಯ ಹೊತ್ತಿಗೆ ಇರುತ್ತಿದ್ದ ಕಿರುಬೆರಳಿನ ನೋವು ನನಗೆ ಆಮೇಲೆ ಬರಲಿಲ್ಲ.

ಎರಡನೆಯದು, ಕಣ್ಣಿಗೆ ಕಾಣದ ಒಂದು ಅಕ್ಷರ. ಕನ್ನಡದಲ್ಲಿ ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರದ ಅರೆಯೊತ್ತು, ಅಂದರೆ ಸ್ವರವಿಲ್ಲವೆಂದು ತೋರುವ ಗುರುತು, ಅಲ್ಲೇ ನಿಂತು, ವೇ ಅದರ ಪಕ್ಕದಲ್ಲಿ ಬಿಡಿಯಾಗಿ ಬರಬೇಕು. ಸುಮ್ಮನೆ ಟೈಪ್ ಮಾಡುತ್ತಾ ಹೋದರೆ ಅದು ‘ಸಾಫ್ಟ್ವೇರ್’ ಎಂದಾಗಿ, ವಕಾರ ಟಕಾರದ ಅಡಿಗೆ ಇಳಿದುಬಿಡುತ್ತದೆ. ಇದನ್ನು ತಡೆಯಲು ಎರಡರ ನಡುವೆ ಶೂನ್ಯ ಅಗಲದ, ಕೂಡದಂತೆ ಬಿಡಿಸುವ ಒಂದು ಯೂನಿಕೋಡ್ ಸಂಕೇತವನ್ನು ಹಾಕಬೇಕು. ಪರಭಾಷೆಯ ಪದಗಳು ಸಾಲಿಗೊಂದರಂತೆ ಬರುವ ಬ್ಯಾಂಕಿನ ಕಾಗದಗಳಲ್ಲಿ ಇದು ದಿನಕ್ಕೆ ನೂರಾರು ಸಲ ಬೇಕಾಗುತ್ತದೆ. ನಾನು ಅದನ್ನು ನನಗೆ ಬಳಕೆಯೇ ಇಲ್ಲದ ಕ್ಯಾಪ್ಸ್ ಲಾಕಿನ ಜಾಗಕ್ಕೆ ತಂದಿಟ್ಟೆ. ಕಂಪ್ಯೂಟರಿನಲ್ಲೂ ಸಣ್ಣದೊಂದು ಸಿದ್ಧತೆ ಬೇಕಾಯಿತು, ಅದೊಂದು ಭಾನುವಾರದ ಕೆಲಸ.

ಮೂರನೆಯದು ಎಫ್ ಕೀ. ಎಡಗೈಯ ತೋರುಬೆರಳು ಸದಾ ಅದರ ಮೇಲೆಯೇ ಕೂತಿರುತ್ತದೆ, ಬೆರಳಿಗೆ ಜಾಗ ಗೊತ್ತಾಗಲೆಂದು ಅದರ ಮೇಲೊಂದು ಸಣ್ಣ ಗೆರೆಯೂ ಇದೆ. ಸ್ವಿಚ್ಚು ಮೆದುವಾಗಿದ್ದರೆ ಯೋಚಿಸುತ್ತಾ ಬೆರಳಿಟ್ಟಾಗಲೂ ಬೇಡದ ಕಡೆ ಅರೆಯೊತ್ತು ಬಿದ್ದು ಪದ ಕೆಡುತ್ತದೆ. ಆದ್ದರಿಂದ ಆ ಒಂದು ಸ್ವಿಚ್ಚಿಗೆ ಮಾತ್ರ ಉಳಿದ ಎಂಬತ್ತಾರಕ್ಕಿಂತ ಸ್ವಲ್ಪ ಬಿಗಿಯಾದ ಸ್ಪ್ರಿಂಗು ಹಾಕಿದೆ. ಕನ್ನಡ ಟೈಪ್ ಮಾಡುವವರಿಗಾಗಿ ಎಫ್ ಕೀಯನ್ನು ಬೇರೆಯಾಗಿ ಬಿಗಿಮಾಡಿದ ಕೀಬೋರ್ಡು ಯಾವ ಅಂಗಡಿಯಲ್ಲೂ ನನಗೆ ಸಿಗಲಿಲ್ಲ. ಕೀಕ್ಯಾಪುಗಳ ಮೇಲೆ ಕನ್ನಡದ ಅಕ್ಷರಗಳಿಲ್ಲ. ಜಪಾನಿನ ಹಿರಗಾನ ಅಕ್ಷರಗಳಿರುವ ಸೆಟ್ಟುಗಳನ್ನು ಆ ಭಾಷೆ ಬಾರದವರೂ ಅಂದಕ್ಕಾಗಿ ಕೊಳ್ಳುವುದನ್ನು ಕಂಡಾಗ, ಒತ್ತಕ್ಷರದ ಗುರುತಿರುವ ಒಂದು ಎಫ್ ಕೀಯಾದರೂ ನಮ್ಮಲ್ಲಿ ಇರಬೇಕಿತ್ತು ಎಂದು ನನಗೆ ಆಸೆಯಾಗುತ್ತದೆ.

ಈ ಜೂನ್ ತಿಂಗಳ ಮೊದಲ ಮಳೆ ಬಂದ ವಾರದಲ್ಲಿ ಎಫ್ ಕೀ ಮತ್ತೆ ತಕರಾರು ಮಾಡಿತು. ಒಮ್ಮೆ ಒತ್ತಿದರೆ ಎರಡು ಸಲ ಮೂಡಿ, ‘ಕ್ಷೇತ್ರ’ ಎಂಬುದು ನಡುವೆ ಒಡೆದುಕೊಳ್ಳುತ್ತಿತ್ತು. ರಾತ್ರಿ ಹತ್ತೂವರೆಯಾಗಿತ್ತು, ಆರು ಪುಟ ಬಾಕಿಯಿತ್ತು. ಚಿಮ್ಮಟದಿಂದ ಕೀಕ್ಯಾಪು ಎತ್ತಿ, ಸ್ವಿಚ್ಚನ್ನು ಕಿತ್ತು, ಬಿಚ್ಚಿ ನೋಡಿದೆ. ಲೋಹದ ಎಲೆಯ ತುದಿ ಮಂಕಾಗಿತ್ತು. ಡಬ್ಬಿಯಿಂದ ಒಂದು ಬಿಡಿ ಸ್ವಿಚ್ಚು ತೆಗೆದು, ಹಳೆಯದರ ಬಿಗಿ ಸ್ಪ್ರಿಂಗನ್ನು ಅದಕ್ಕೆ ವರ್ಗಾಯಿಸಿ, ಹಳಿಗಳಿಗೆ ಒಂದೊಂದು ಗೀರು ಗ್ರೀಸು ಎಳೆದು, ಕಾಲುಗಳು ನೇರವಾಗಿವೆಯೇ ಎಂದು ದೀಪಕ್ಕೆ ಹಿಡಿದು ನೋಡಿ, ಒತ್ತಿ ಕೂರಿಸಿದೆ. ದಿವಾನದ ಮೇಲಿಂದ ಅಪ್ಪ, “ಎಷ್ಟು ಹೊತ್ತಾಯಿತು?” ಎಂದು ಕೇಳಿದರು. ಹತ್ತು ಮೂವತ್ತೆಂಟು ಎಂದೆ. “ನಮ್ಮ ಮೆಕ್ಯಾನಿಕ್ ಇಷ್ಟೇ ಹೊತ್ತು ತೆಗೆದುಕೊಳ್ಳುತ್ತಿದ್ದ” ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಡಬ್ಬಿಯಲ್ಲಿ ಇನ್ನೆರಡು ಸ್ವಿಚ್ಚುಗಳು ಉಳಿದಿದ್ದವು. ಮುಚ್ಚಳ ಹಾಕಿ ಡ್ರಾಯರಿನಲ್ಲಿಟ್ಟು, ಕ್ಷೇತ್ರ ಎಂದು ಒಮ್ಮೆ ಟೈಪ್ ಮಾಡಿ ನೋಡಿ, ಏಳನೆಯ ಪುಟಕ್ಕೆ ಹೋದೆ.